ಸಿ ಯಿಂದ ಡಿ ಗೆ: ಒಂದು ಫೋಲ್ಡರ್ ಎತ್ತಿಟ್ಟ ಕತೆ

ಮಾವನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಸಿ ಡ್ರೈವಿನ ಗೆರೆ ಕೆಂಪಾಗಿ ಎರಡು ತಿಂಗಳಾಗಿತ್ತಂತೆ. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹೋದ ವರ್ಷ ದೀಪಾವಳಿಗೆ ಸಾಗರಕ್ಕೆ ಹೋದಾಗ ಮಾವ ನನ್ನ ಕೈಗೆ ಕಾಫಿ ಲೋಟ ಕೊಟ್ಟು, "ಇದೊಂದ್ ಸ್ವಲ್ಪ ನೋಡು ಮಾರಾಯ" ಅಂದರು. ನಮ್ಮ ಕಡೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಅಂದರೆ ಪ್ರಿಂಟರ್, ಟಿವಿ ರಿಮೋಟ್, ಪಕ್ಕದ ಮನೆಯವರ ವೈಫೈ ಎಲ್ಲ ನಮ್ಮ ಇಲಾಖೆಗೇ ಸೇರಿದ್ದು. ಗೊತ್ತಿಲ್ಲ ಅನ್ನುವ ಹಾಗಿಲ್ಲ.

ತುಳಸಿ ಪೂಜೆ ಮುಗಿಯಿತು ಅಂದರೆ ಮದುವೆ ಕಾಗದದ ಸೀಸನ್ನು. ಅಷ್ಟರೊಳಗೆ ಸರಿಯಾಗಬೇಕು. ಹಿಂದಿನ ದಿನವಷ್ಟೇ ಅಂಗಡಿಯ ಹುಡುಗ ಒಂದು ಕರೆಯೋಲೆ ಪೂರ್ತಿ ಮುಗಿಸಿ ಸೇವ್ ಒತ್ತಿದ್ದಾನೆ. ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಹೇಳಿ ಪ್ರೋಗ್ರಾಂ ಬಾಗಿಲು ಹಾಕಿಕೊಂಡಿದೆ. ಎರಡೂ ಕಡೆಯ ಅಜ್ಜ ಅಜ್ಜಿಯರ ಹೆಸರು, ಅವರ ಊರು, ಸುಖಾಗಮನ ಬಯಸುವವರ ಉದ್ದದ ಪಟ್ಟಿ, ಎಲ್ಲವನ್ನೂ ಮತ್ತೆ ಮೊದಲಿಂದ ಟೈಪ್ ಮಾಡಬೇಕಾಯಿತು.

2018ರಲ್ಲಿ ಕೊಂಡ ಯಂತ್ರ ಅದು. ಆಗ ಎಲ್ಲ ಅಂಗಡಿಗಳಲ್ಲೂ ಒಂದೇ ಸಲಹೆ: ವೇಗಕ್ಕೆ ಒಂದು ಸಣ್ಣ ಎಸ್‌ಎಸ್‌ಡಿ, ಸಾಮಾನು ತುಂಬಲು ಒಂದು ದೊಡ್ಡ ಹಾರ್ಡ್ ಡಿಸ್ಕ್. ಸಿ ಅಂದರೆ 128 ಜಿಬಿ, ವಿಂಡೋಸ್ ಲೆಕ್ಕದಲ್ಲಿ 119. ಡಿ ಅಂದರೆ 1 ಟಿಬಿ, ವಿಂಡೋಸ್ ಲೆಕ್ಕದಲ್ಲಿ 931 ಜಿಬಿ. (ತಯಾರಕರು ಸಾವಿರದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರಲ್ಲಿ ಎಣಿಸುತ್ತದೆ. ಮೋಸ ಅಲ್ಲ, ಆದರೆ ಪ್ರತಿ ಸಲ ಮೋಸ ಹೋದ ಹಾಗೇ ಅನ್ನಿಸುತ್ತದೆ.) ಸಿ ಯಲ್ಲಿ ಉಳಿದಿದ್ದು ಅರ್ಧ ಜಿಬಿ. ಡಿ ಯಲ್ಲಿ ಮುಕ್ಕಾಲು ಭಾಗ ಖಾಲಿ. ಅಟ್ಟ ಖಾಲಿ ಇದೆ, ಜಗುಲಿಯಲ್ಲಿ ಕಾಲಿಡಲು ಜಾಗ ಇಲ್ಲ.

ಮೊದಲು ಕಣ್ಣಿಗೆ ಬಿದ್ದ ದೊಡ್ಡ ಫೋಲ್ಡರ್ ಡಿಟಿಪಿ ಪ್ರೋಗ್ರಾಮಿನದು. ಅದರ ಜೊತೆಗೆ ಬಂದ ಕ್ಲಿಪ್‌ಆರ್ಟ್, ಮಾವ ವರ್ಷಗಟ್ಟಲೆ ಅದೇ ಫೋಲ್ಡರಿಗೆ ಸುರಿಯುತ್ತ ಬಂದ ಗಣಪತಿಗಳು, ಮಾವಿನ ತೋರಣಗಳು, ಬಾಸಿಂಗಗಳು, ಎಲ್ಲ ಸೇರಿ 14 ಜಿಬಿ. ತೆಗೆದುಹಾಕಿ ಡಿ ಯಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡೋಣ ಅಂದೆ. ಮಾವ ಸಿಡಿ ತಂದು ಮುಂದಿಟ್ಟರು. ಯಂತ್ರಕ್ಕೆ ಸಿಡಿ ಡ್ರೈವೇ ಇಲ್ಲ. ಅಂದು ಯಾರಿಂದಲೋ ಎರವಲು ತಂದು ಹಾಕಿದ್ದಂತೆ. ಸರಿ, ಮತ್ತೆ ತರಬಹುದು. ಲೈಸೆನ್ಸ್ ಕೀ ಎಲ್ಲಿ? ಅದು ಡಬ್ಬಿಯ ಒಳಬದಿಯಲ್ಲಿತ್ತು. ಡಬ್ಬಿಯನ್ನು ಗೆದ್ದಲು ತಿಂದಿತ್ತು. ಮಲೆನಾಡಿನಲ್ಲಿ ಗೆದ್ದಲಿಗೆ ಬಿಟ್ಟುಕೊಟ್ಟಿದ್ದರ ಪಟ್ಟಿ ದೊಡ್ಡದು. ನಮ್ಮ ಅಜ್ಜನ ಮನೆಯಲ್ಲಿ ಒಂದಿಡೀ ಪೆಟ್ಟಿಗೆ ಕಾಗದಪತ್ರ ಹಾಗೇ ಹೋಗಿದೆ. ಆ ಲೆಕ್ಕದಲ್ಲಿ ಒಂದು ಕೀ ಏನೂ ಅಲ್ಲ.

ಹಾಗಾಗಿ ಒಂದೇ ದಾರಿ ಉಳಿಯಿತು. ಇನ್‌ಸ್ಟಾಲ್ ಆಗಿ ಕೂತಿರುವ ಪ್ರೋಗ್ರಾಮನ್ನು ಕೈಯಿಂದಲೇ ಎತ್ತಿ ಆ ಕಡೆ ಇಡುವುದು.

ಮೊದಲು ಮಾಡಿದ್ದು ದಡ್ಡ ಕೆಲಸ. ಕಟ್, ಪೇಸ್ಟ್. ಹದಿನೈದು ವರ್ಷದಿಂದ ಇದೇ ವೃತ್ತಿಯಲ್ಲಿರುವವನು ಮಾಡಬಾರದ್ದು. ಒಂದೇ ಡ್ರೈವಿನೊಳಗೆ ಫೋಲ್ಡರ್ ಸರಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಯಾಕೆಂದರೆ ಅಲ್ಲಿ ಯಾವುದೂ ಸರಿಯುವುದೇ ಇಲ್ಲ. ಯಾವ ಫೈಲು ಯಾರ ಕೆಳಗೆ ಅಂತ ಬರೆದಿಟ್ಟ ಪಟ್ಟಿಯಲ್ಲಿ ಒಂದು ಸಾಲು ತಿದ್ದುತ್ತಾರೆ, ಅಷ್ಟೇ. ಡ್ರೈವಿನಿಂದ ಡ್ರೈವಿಗೆ ಹೋಗುವಾಗ ಹಾಗಲ್ಲ. ಒಂದೊಂದು ಫೈಲನ್ನೂ ನಿಜವಾಗಿ ನಕಲು ಮಾಡಬೇಕು, ಆಮೇಲೆ ಹಳೆಯದನ್ನು ಅಳಿಸಬೇಕು. ಮಧ್ಯದಲ್ಲಿ ಎಡವಿದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ನನಗೆ ಆಗಿದ್ದೂ ಅದೇ. ಪ್ರೋಗ್ರಾಂ ಮುಚ್ಚಿದ್ದೆ, ಆದರೆ ಅದರ ಅಪ್‌ಡೇಟ್ ನೋಡಿಕೊಳ್ಳುವ ಒಂದು ಸಣ್ಣ ಸೇವೆ ಹಿಂದೆ ಓಡುತ್ತಲೇ ಇತ್ತು. ಈ ಫೈಲು ಬಳಕೆಯಲ್ಲಿದೆ ಅಂತ ವಿಂಡೋಸ್ ಮುಕ್ಕಾಲು ದಾರಿಯಲ್ಲಿ ನಿಂತಿತು. ಮಾವನ ಮುಂದೆ ಏನೂ ಆಗಿಲ್ಲ ಅನ್ನುವ ಹಾಗೆ ಮುಖ ಮಾಡಿಕೊಂಡು ಸೇವೆ ನಿಲ್ಲಿಸಿದೆ, ಉಳಿದದ್ದನ್ನು ಸಾಗಿಸಿದೆ.

ಡೆಸ್ಕ್‌ಟಾಪಿನ ಐಕಾನ್ ಬಿಳಿ ಕಾಗದವಾಗಿತ್ತು. ವಿಂಡೋಸ್ ಕೆಲವೊಮ್ಮೆ ಜಾಡು ಹಿಡಿದು ಹೊಸ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಈ ಸಲ ಹುಡುಕಲಿಲ್ಲ. ಡಿ ಯೊಳಗೆ ಹೋಗಿ ಪ್ರೋಗ್ರಾಮಿನ ಮೂಲ ಫೈಲನ್ನೇ ಒತ್ತಿದೆ. ತೆರೆಯಿತು! ಮಾವ "ಆಯ್ತಲ್ಲ" ಅಂದರು. ಒಂದು ನಿಮಿಷ ನಾನೂ ಹಾಗೇ ಅಂದುಕೊಂಡೆ.

ಆಮೇಲೆ ಒಂದೊಂದಾಗಿ ಹೊರಬಂತು. ಹಳೆಯ ಕರೆಯೋಲೆ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಯಾವುದರಲ್ಲಿ ತೆರೆಯಲಿ ಅಂತ ಕೇಳುತ್ತದೆ. ಪಿಡಿಎಫ್ ಮಾಡುವ ಬಟನ್ ಇದೆ, ಒತ್ತಿದರೆ ಸದ್ದಿಲ್ಲ. ಲೈಸೆನ್ಸ್ ಕಾಣಿಸುತ್ತಿಲ್ಲ, ಪ್ರಾಯೋಗಿಕ ಬಳಕೆಗೆ ಇಷ್ಟು ದಿನ ಬಾಕಿ ಅನ್ನುತ್ತದೆ. ಎಲ್ಲಕ್ಕಿಂತ ಜಾಸ್ತಿ ಮಾವನ ಮುಖ ಬಾಡಿದ್ದು ಟೆಂಪ್ಲೇಟುಗಳು ಕಾಣದಿದ್ದಾಗ. ಉಪನಯನ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಅಂತ ಅವರೇ ಕೂತು ಮಾಡಿಟ್ಟ ಅಚ್ಚುಗಳು. ಅವೆಲ್ಲ ಮಾಯ. ಫಾಂಟುಗಳು ಮಾತ್ರ ಅಷ್ಟೂ ಇದ್ದವು. ಅವು ಪ್ರೋಗ್ರಾಮಿನ ಜೊತೆ ಇರುವುದಿಲ್ಲ, ವಿಂಡೋಸಿನದೇ ಫಾಂಟ್ಸ್ ಫೋಲ್ಡರಿನಲ್ಲಿ ಇರುತ್ತವೆ. ಕನ್ನಡ ಟೈಪ್ ಮಾಡುವ ನುಡಿ ಕೀಬೋರ್ಡೂ ತನ್ನ ಪಾಡಿಗೆ ತಾನು ಮೂಲೆಯಲ್ಲಿ ಕೂತಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಆ ಹುಡುಗನ ಬೆರಳಿಗೆ ಎಷ್ಟು ಹಿಡಿದಿದೆ ಅಂದರೆ ಅವನು ಕೀಗಳ ಕಡೆ ನೋಡುವುದೇ ಇಲ್ಲ.

ಆ ರಾತ್ರಿ ಊಟ ಆದಮೇಲೆ ರಿಜಿಸ್ಟ್ರಿ, ಅಂದರೆ ಯಾವ ಪ್ರೋಗ್ರಾಂ ಎಲ್ಲಿದೆ, ಅದರ ಸೆಟ್ಟಿಂಗು ಏನು ಅಂತ ವಿಂಡೋಸ್ ಬರೆದಿಟ್ಟುಕೊಳ್ಳುವ ಪುಸ್ತಕ, ತೆರೆದು ಕೂತೆ.

ವಿಂಡೋಸಿಗೂ ಮುಂಚಿನ ಡಾಸ್ ಕಾಲದಲ್ಲಿ ಈ ರಗಳೆ ಕಡಿಮೆ ಇತ್ತು. ಪ್ರೋಗ್ರಾಂ ಅಂದರೆ ಸಾಮಾನ್ಯವಾಗಿ ಒಂದು ಫೋಲ್ಡರು. 1.44 ಎಂಬಿ ಫ್ಲಾಪಿಗೆ ನಕಲು ಮಾಡಿಕೊಂಡು ಗೆಳೆಯನ ಮನೆಗೆ ಹೋದರೆ ಅಲ್ಲೂ ಓಡುತ್ತಿತ್ತು. ತೀರಾ ಅಂದರೆ ಕಂಪ್ಯೂಟರ್ ಏಳುವಾಗ ಓದುವ ಆಟೊಎಕ್ಸೆಕ್ ಫೈಲಿನಲ್ಲಿ ಪಾತ್, ಅಂದರೆ ಪ್ರೋಗ್ರಾಮನ್ನು ಎಲ್ಲಿ ಹುಡುಕಬೇಕು ಅನ್ನುವ ಸಾಲು, ಒಂದು ತಿದ್ದಬೇಕಿತ್ತು. ಆಮೇಲೆ ವಿಂಡೋಸ್ ಬಂತು, ಐಎನ್‌ಐ ಫೈಲುಗಳು ಬಂದವು. ಪ್ರತಿ ಪ್ರೋಗ್ರಾಮಿಗೂ ತನ್ನ ಸೆಟ್ಟಿಂಗು ಬರೆದಿಟ್ಟ ತನ್ನದೊಂದು ಚೀಟಿ. ಚೀಟಿಗಳು ಎಲ್ಲೆಂದರಲ್ಲಿ ಬಿದ್ದಿವೆ, ಒಂದೇ ಪುಸ್ತಕ ಮಾಡೋಣ ಅಂತ ಬಂದದ್ದು ರಿಜಿಸ್ಟ್ರಿ. 1992ರ ವಿಂಡೋಸ್ 3.1ರಲ್ಲಿ ಸಣ್ಣದಾಗಿ ಶುರುವಾಗಿ 1995ರ ವಿಂಡೋಸ್ 95ರಲ್ಲಿ ಮನೆಯ ಯಜಮಾನನೇ ಆಗಿಹೋಯಿತು. ಐಎನ್‌ಐಗಳನ್ನು ಬೈಯುವವರು ಆಗ ಜಾಸ್ತಿ. ನನಗೆ ಈಗಲೂ ಅವುಗಳ ಮೇಲೆ ಒಂಚೂರು ಪ್ರೀತಿ ಇದೆ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಿತ್ತು, ತಪ್ಪು ಮಾಡಿದರೆ ಒಂದೇ ಪ್ರೋಗ್ರಾಂ ಕೆಡುತ್ತಿತ್ತು.

ರಿಜಿಸ್ಟ್ರಿಯಲ್ಲಿ ಆ ಪ್ರೋಗ್ರಾಮಿನ ಹಳೆಯ ವಿಳಾಸ ಎಲ್ಲೆಲ್ಲಿ ಬರೆದಿದೆ ಅಂತ ಹುಡುಕಲು ಹೊರಟೆ. ಎಫ್3 ಒತ್ತಿದರೆ ಒಂದು. ಮತ್ತೆ ಒತ್ತಿದರೆ ಇನ್ನೊಂದು. ಈ ಜಾತಿಯ ಫೈಲನ್ನು ಯಾರು ತೆರೆಯಬೇಕು ಅನ್ನುವಲ್ಲಿ ಒಂದು ವಿಳಾಸ. ರನ್ ಪೆಟ್ಟಿಗೆಯಲ್ಲಿ ಹೆಸರು ಹೊಡೆದರೆ ಎಲ್ಲಿಗೆ ಹೋಗಬೇಕು ಅನ್ನುವಲ್ಲಿ ಒಂದು. ತೆಗೆದುಹಾಕುವಾಗ ಯಾವ ಫೈಲನ್ನು ಕರೆಯಬೇಕು ಅನ್ನುವಲ್ಲಿ ಒಂದು. ಅಪ್‌ಡೇಟ್ ಸೇವೆಯದ್ದು ಬೇರೆಯೇ ಕಡೆ. ಪಿಡಿಎಫ್ ಬಟನ್ನಿನ ಗುಟ್ಟು ಇನ್ನೂ ಆಳದಲ್ಲಿ. ಆ ಕೆಲಸ ಮಾಡುವ ಡಿಎಲ್‌ಎಲ್ ಅನ್ನುವ ಸಹಾಯಕ ಫೈಲಿಗೆ ಒಂದು ಉದ್ದದ ಗುರುತಿನ ಸಂಖ್ಯೆ ಕೊಟ್ಟಿರುತ್ತಾರೆ. ಪ್ರೋಗ್ರಾಂ ಫೈಲಿನ ಹೆಸರು ಹೇಳಿ ಕರೆಯುವುದಿಲ್ಲ, ಸಂಖ್ಯೆ ಹೇಳಿ ಕರೆಯುತ್ತದೆ. ಆ ಸಂಖ್ಯೆಯವನ ಮನೆ ಎಲ್ಲಿ ಅಂತ ವಿಂಡೋಸ್ ರಿಜಿಸ್ಟ್ರಿ ನೋಡಿ ಹೇಳುತ್ತದೆ. ಅಲ್ಲಿ ಇನ್ನೂ ಸಿ ಅಂತಲೇ ಇದೆ. ಕರೆದವರಿಗೆ ಉತ್ತರ ಇಲ್ಲ.

ನೂರು ದಾಟಿದ ಮೇಲೆ ಎಣಿಸುವುದು ಬಿಟ್ಟೆ. ಎಲ್ಲವನ್ನೂ ತಿದ್ದಿಬಿಡೋಣ, ಒಂದು ಸ್ಕ್ರಿಪ್ಟ್ ಬರೆದರೆ ಆಯಿತು ಅನ್ನಿಸಿತು. ಆಗ ಕಣ್ಣಿಗೆ ಬಿದ್ದದ್ದು ಇನ್ನೊಂದು ವೇಷ. ಕೆಲವು ಕಡೆ ವಿಳಾಸ ಪೂರ್ತಿ ಇಲ್ಲ. ಪ್ರೋಗ್ರಾಮುಗಳೆಲ್ಲ ಕೂರುವ ಫೋಲ್ಡರನ್ನು ಪ್ರೋಗ್ರಾಂ ಫೈಲ್ಸ್ ಅನ್ನುವ ಬದಲು ಪ್ರೋಗ್ರಾ, ಒಂದು ಅಲೆಗೆರೆ, ಒಂದು ಅಂಕಿ. ಡಾಸ್ ಕಾಲದಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು ಅಕ್ಷರ ಅಂತ ಕಟ್ಟುಪಾಡಿತ್ತಲ್ಲ, ಅದರ ಉಳಿಕೆ. ವಿಂಡೋಸ್ ಇವತ್ತಿಗೂ ಸಿ ಡ್ರೈವಿನಲ್ಲಿ ಉದ್ದ ಹೆಸರಿಗೆಲ್ಲ ಹೀಗೊಂದು ಗಿಡ್ಡ ಹೆಸರು ಇಟ್ಟುಕೊಂಡಿರುತ್ತದೆ. ಮನೆಯಲ್ಲಿ ಕರೆಯುವ ಹೆಸರು ಬೇರೆ, ಶಾಲೆಯ ಹೆಸರು ಬೇರೆ ಇರುತ್ತದಲ್ಲ, ಹಾಗೆ. ಶಾಲೆಯ ಹೆಸರು ಹಿಡಿದು ಹುಡುಕಿದರೆ ಮನೆಯ ಹೆಸರಿನವರು ಸಿಗುವುದಿಲ್ಲ. ಇನ್ನು ಕೆಲವು ಕಡೆ ವಿಳಾಸದ ಬದಲು ಶೇಕಡಾ ಗುರುತುಗಳ ನಡುವೆ ಒಂದು ಸಂಕೇತ ಮಾತ್ರ. 32 ಬಿಟ್ಟಿನ ಹಳೆಯ ಪ್ರೋಗ್ರಾಮುಗಳಿಗೆ ರಿಜಿಸ್ಟ್ರಿಯೊಳಗೇ ಬೇರೆ ಓಣಿ ಇದೆ, ಅಲ್ಲೂ ಹೋಗಬೇಕು. ಸ್ಕ್ರಿಪ್ಟಿನ ಆಸೆ ಅಲ್ಲಿಗೇ ಬಿಟ್ಟೆ. ನೂರರಲ್ಲಿ ತೊಂಬತ್ತೈದು ತಿದ್ದಿದರೆ ಪ್ರೋಗ್ರಾಂ ನೂರಕ್ಕೆ ತೊಂಬತ್ತೈದು ಓಡುವುದಿಲ್ಲ. ಆ ಐದರಲ್ಲಿ ಒಂದು ಮದುವೆ ಸೀಸನ್ನಿನ ಮಧ್ಯದಲ್ಲಿ, ಗಿರಾಕಿ ಎದುರು ಕೂತಾಗ ಕೈ ಕೊಡುತ್ತದೆ.

ಟೆಂಪ್ಲೇಟುಗಳ ಪತ್ತೆ ಹತ್ತಿದ್ದು ಬೆಳಿಗ್ಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನರ ಫೈಲು ಹೀಗೇ ಕಳೆದುಹೋಗಿರುತ್ತದೆ. ಹಳೆಯ ಪ್ರೋಗ್ರಾಮುಗಳಿಗೆ ತಮ್ಮ ಫೋಲ್ಡರಿನೊಳಗೇ ಏನಾದರೂ ಬರೆದುಕೊಳ್ಳುವ ಚಾಳಿ. ವಿಂಡೋಸ್ ವಿಸ್ತಾ ಬಂದಾಗ ಆ ಫೋಲ್ಡರಿಗೆ ಅಡ್ಮಿನಿಸ್ಟ್ರೇಟರ್ ಅನುಮತಿ ಇಲ್ಲದೆ ಬರೆಯುವ ಹಾಗಿಲ್ಲ ಅಂತ ಬಿಗಿ ಮಾಡಿದರು. ಹಾಗೆ ಮಾಡಿದರೆ ಹಳೆಯ ಪ್ರೋಗ್ರಾಮೆಲ್ಲ ಕೆಟ್ಟು ಕೂರುತ್ತವಲ್ಲ, ಅದಕ್ಕೊಂದು ಉಪಾಯ. ಪ್ರೋಗ್ರಾಂ ಬರೆಯಲು ಹೋದಾಗ ವಿಂಡೋಸ್ ಬೇಡ ಅನ್ನುವುದಿಲ್ಲ. ಆಯಿತು ಅನ್ನುತ್ತದೆ, ಗುಟ್ಟಾಗಿ ಬಳಕೆದಾರನ ಆ್ಯಪ್‌ಡೇಟಾ ಫೋಲ್ಡರಿನೊಳಗೆ ವರ್ಚುವಲ್‌ಸ್ಟೋರ್ ಅನ್ನುವ ಜಾಗದಲ್ಲಿ ಬರೆದಿಡುತ್ತದೆ. ಓದಲು ಹೋದಾಗ ಅಲ್ಲಿಂದಲೇ ತಂದು ಕೊಡುತ್ತದೆ. ಪ್ರೋಗ್ರಾಮಿಗೆ ತಾನು ತನ್ನ ಮನೆಯಲ್ಲೇ ಇಟ್ಟೆ ಅನ್ನುವ ಭ್ರಮೆ. ಮಾವನಿಗೂ ಅದೇ ಭ್ರಮೆ. ಪ್ರೋಗ್ರಾಂ ಡಿ ಗೆ ಬಂದ ಮೇಲೆ ಈ ನಾಟಕ ನಿಂತಿತು, ಯಾಕೆಂದರೆ ಅದು ನಡೆಯುವುದು ಪ್ರೋಗ್ರಾಂ ಫೈಲ್ಸ್‌ನಂಥ ಕಾವಲಿರುವ ಜಾಗಗಳಲ್ಲಿ ಮಾತ್ರ. ಉಪನಯನ, ವೈಕುಂಠ ಸಮಾರಾಧನೆ ಎಲ್ಲ ವರ್ಚುವಲ್‌ಸ್ಟೋರಿನಲ್ಲಿ ಬೆಚ್ಚಗೆ ಕೂತಿದ್ದವು.

ಮಾವನಿಗೆ ಇದನ್ನೆಲ್ಲ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. "ಜಾಗ ನಮ್ಮ ಕೈಗೆ ಬಂದಿದೆ, ಖಾತೆ ಆಗಿಲ್ಲ ಅನ್ನು" ಅಂದರು. ಅದೂ ಸರಿಯೇ. ಆದರೆ ಅವರಿಗೆ ಇನ್ನೂ ಹತ್ತಿರದ ಮಾತೊಂದು ಅವರ ಬಾಯಲ್ಲೇ ಬಂತು. ಆ ಹೊತ್ತಿಗೆ ಪ್ರೆಸ್ಸಿನಿಂದ ಫೋನು. ಪಕ್ಕದ ಬೀದಿಯ ಇನ್ನೊಬ್ಬರು ಕಳಿಸಿದ ಪುಟ ತೆರೆದರೆ ಕನ್ನಡ ಬರುತ್ತಿಲ್ಲ, ಮೇಲೆ ಗೆರೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಬರುತ್ತಿವೆ, ಅವರಲ್ಲಿರುವ ಫಾಂಟು ಯಾವುದು ಗೊತ್ತಾ ಅಂತ. ಮಾವ ಫೋನಿಟ್ಟು ನಕ್ಕರು. "ಕರ್ವ್ ಮಾಡದೇ ಕಳ್ಸಿದಾರೆ."

ಡಿಟಿಪಿ ಜನಕ್ಕೆ ಇದು ನಿತ್ಯದ ಗೋಳು. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡಿಗೆ ಮುಂಚಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿರುತ್ತವೆ. ಪುಟದೊಳಗೆ ಕನ್ನಡ ಇಲ್ಲವೇ ಇಲ್ಲ. ಇರುವುದು ಸಂಖ್ಯೆಗಳು ಮತ್ತು ಇಂಥ ಫಾಂಟಿನಲ್ಲಿ ನೋಡು ಅನ್ನುವ ಒಂದು ಸೂಚನೆ. ಆ ಫಾಂಟು ಇಲ್ಲದ ಯಂತ್ರಕ್ಕೆ ಹೋದರೆ ಬೇಂದ್ರೆ ಕವಿತೆಯೂ ಒಂದೇ, ಬೆಕ್ಕು ಕೀಬೋರ್ಡ್ ಮೇಲೆ ನಡೆದದ್ದೂ ಒಂದೇ. ಅದಕ್ಕೇ ಪ್ರೆಸ್ಸಿಗೆ ಕಳಿಸುವ ಮುಂಚೆ ಅಕ್ಷರಗಳನ್ನೆಲ್ಲ ಕರ್ವ್ ಮಾಡುತ್ತಾರೆ. ಅಂದರೆ ಅಕ್ಷರವನ್ನು ಅಕ್ಷರವಾಗಿ ಇಡದೆ ಗೆರೆಗಳ ಚಿತ್ರವಾಗಿ ಬದಲಿಸುವುದು. ಆಮೇಲೆ ಆ ಪುಟ ಎಲ್ಲಿಗೆ ಹೋದರೂ ಹಾಗೇ ಕಾಣುತ್ತದೆ. ಬೆಲೆ ಏನೆಂದರೆ ವರನ ಹೆಸರಿನಲ್ಲಿ ಒಂದು ಒತ್ತು ತಪ್ಪಿದ್ದರೆ ಇನ್ನು ತಿದ್ದಲು ಬರುವುದಿಲ್ಲ.

"ಈ ಪ್ರೋಗ್ರಾಮೂ ಕರ್ವ್ ಮಾಡದ ಫೈಲು ಮಾವ" ಅಂದೆ. ಅವರಿಗೆ ತಟ್ಟನೆ ಹೊಳೆಯಿತು. ನನಗೂ ಆವರೆಗೆ ಅಷ್ಟು ಚೆನ್ನಾಗಿ ಹೊಳೆದಿರಲಿಲ್ಲ.

ಕರ್ವ್ ಮಾಡಿದ ಪ್ರೋಗ್ರಾಮುಗಳೂ ಇವೆ. ಪೋರ್ಟಬಲ್ ಅನ್ನುತ್ತಾರೆ. ಸೆಟ್ಟಿಂಗು, ಡಿಎಲ್‌ಎಲ್ಲು, ತನಗೆ ಬೇಕಾದ್ದನ್ನೆಲ್ಲ ತನ್ನ ಫೋಲ್ಡರಿನಲ್ಲೇ ಕಟ್ಟಿಕೊಂಡು ಪೆನ್‌ಡ್ರೈವಿನಲ್ಲಿ ಊರೂರು ತಿರುಗುವ ಜಾತಿ. ಮ್ಯಾಕ್‌ನಲ್ಲಿ ಬಹುಪಾಲು ಆ್ಯಪುಗಳು ನೋಡಲು ಒಂದು ಐಕಾನ್, ಒಳಗೆ ಒಂದು ಫೋಲ್ಡರು. ಎಳೆದು ಬೇರೆ ಕಡೆ ಹಾಕಿದರೂ ಸಾಮಾನ್ಯವಾಗಿ ಓಡುತ್ತವೆ. ಅಲ್ಲೂ ಸೆಟ್ಟಿಂಗುಗಳು ಲೈಬ್ರರಿ ಫೋಲ್ಡರಿನಲ್ಲಿ ಉಳಿಯುತ್ತವೆ, ಅದು ಬೇರೆ ಮಾತು.

ಲಿನಕ್ಸ್ ಬಳಸುವ ನನ್ನ ಗೆಳೆಯರು ಇಲ್ಲಿಗೆ ಬಂದಾಗ ನಗಲು ಶುರು ಮಾಡುತ್ತಾರೆ. ನಗಬಾರದು. ಅಲ್ಲಿಯೂ ಎಷ್ಟೋ ಪ್ರೋಗ್ರಾಮುಗಳಿಗೆ ಕಂಪೈಲ್ ಮಾಡುವಾಗಲೇ, ಅಂದರೆ ಕಟ್ಟುವಾಗಲೇ, ನಿನ್ನ ಮನೆ ಇದು ಅಂತ ಹಣೆಯಲ್ಲಿ ಬರೆದುಬಿಡುತ್ತಾರೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ವರ್ಚುವಲ್ ಎನ್ವಿರಾನ್‌ಮೆಂಟ್ ನೋಡಿ, ಒಂದು ಪ್ರಾಜೆಕ್ಟಿಗೆ ಬೇಕಾದ್ದನ್ನೆಲ್ಲ ಇಟ್ಟುಕೊಳ್ಳುವ ಪ್ರತ್ಯೇಕ ಫೋಲ್ಡರು. ಹೆಸರು ಕೇಳಿದರೆ ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು ಅನ್ನಿಸುತ್ತದೆ. ಒಮ್ಮೆ ಆಫೀಸಿನಲ್ಲಿ ಒಂದು ಪ್ರಾಜೆಕ್ಟ್ ಫೋಲ್ಡರಿನ ಹೆಸರಿನಲ್ಲಿದ್ದ ಕಾಗುಣಿತದ ತಪ್ಪನ್ನು ತಿದ್ದಿದೆ. ಒಂದು ಅಕ್ಷರ, ಅಷ್ಟೇ. ಪೈಥಾನಿಗೆ ಬೇಕಾದ ಪ್ಯಾಕೇಜು ತಂದುಹಾಕುವ ಪಿಪ್ ಸತ್ತುಹೋಯಿತು. ಅದರ ಮೊದಲ ಸಾಲಿನಲ್ಲೇ ಪೈಥಾನ್ ಎಲ್ಲಿದೆ ಅನ್ನುವ ಪೂರ್ತಿ ವಿಳಾಸ, ತಪ್ಪು ಕಾಗುಣಿತದ ಸಮೇತ. ಇಂಥವನ್ನು ಸ್ಥಳಾಂತರ ಮಾಡಬೇಡಿ, ಅಳಿಸಿ ಹೊಸದು ಮಾಡಿಕೊಳ್ಳಿ ಅಂತ ಪೈಥಾನಿನ ಕೈಪಿಡಿಯಲ್ಲೇ ಇದೆ. ಒಳ್ಳೆ ಸಲಹೆ. ಆದರೆ ಕೀ ಗೆದ್ದಲು ತಿಂದವರಿಗೆ ಆ ಸಲಹೆಯಿಂದ ಏನೂ ಪ್ರಯೋಜನ ಇಲ್ಲ.

ಮಾವನ ಪ್ರೋಗ್ರಾಮನ್ನು ಕರ್ವ್ ಮಾಡುವುದು ನನ್ನ ಕೈಯಲ್ಲಿ ಇಲ್ಲ. ಉಳಿದದ್ದು ಬೇರೆ ದಾರಿ. ವಿಳಾಸ ಬರೆದುಕೊಂಡ ನೂರಾರು ಜನರನ್ನು ಹುಡುಕಿ ತಿದ್ದುವ ಬದಲು, ವಿಳಾಸವನ್ನು ಅಲ್ಲೇ ಬಿಟ್ಟು ಸಾಮಾನನ್ನು ಮಾತ್ರ ಸಾಗಿಸುವುದು. ವಿಂಡೋಸ್ ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಪದ್ಧತಿಯಾದ ಎನ್‌ಟಿಎಫ್‌ಎಸ್‌ನಲ್ಲಿ ಇದಕ್ಕೆ ಜಂಕ್ಷನ್ ಅನ್ನುತ್ತಾರೆ. ವಿಂಡೋಸ್ 2000ದಿಂದಲೂ ಇದೆ, ಮಾಡುವ ಆಜ್ಞೆ ಕೈಗೆ ಸುಲಭವಾಗಿ ಸಿಕ್ಕಿದ್ದು ವಿಸ್ತಾದಿಂದ. ಸಿ ಯಲ್ಲಿ ಹಳೆಯ ಹೆಸರಿನದೇ ಒಂದು ಫೋಲ್ಡರ್ ಕಾಣುತ್ತದೆ. ಒಳಗೆ ಏನೂ ಇರುವುದಿಲ್ಲ. ಬಾಗಿಲು ತೆರೆದವರು ನೇರ ಡಿ ಯೊಳಗೆ ಕಾಲಿಡುತ್ತಾರೆ, ತಾವು ಸಿ ಯಲ್ಲೇ ಇದ್ದೇವೆ ಅಂದುಕೊಂಡು. ಶಾರ್ಟ್‌ಕಟ್ ಬೇರೆ, ಇದು ಬೇರೆ. ಶಾರ್ಟ್‌ಕಟ್ ಅನ್ನುವುದು ಒಂದು ಸಣ್ಣ ಫೈಲು, ಬಹುಮಟ್ಟಿಗೆ ಮನುಷ್ಯರು ಒತ್ತಲಿಕ್ಕೆ ಇರುವುದು. ಪ್ರೋಗ್ರಾಮುಗಳು ಅದರ ಹಿಂದೆ ಹೋಗುವುದಿಲ್ಲ. ಜಂಕ್ಷನ್ ಫೈಲ್ ಸಿಸ್ಟಮ್ಮಿನ ಮಟ್ಟದಲ್ಲೇ ಇರುವುದರಿಂದ ಅವಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಈ ಸಲ ಜಾಣನ ಹಾಗೆ ಮಾಡಿದೆ. ಮೊದಲು ಎಲ್ಲವನ್ನೂ ಹಳೆಯ ಜಾಗಕ್ಕೆ ವಾಪಸ್ ತಂದೆ. ಅದಕ್ಕೆ ಸಿ ಯಲ್ಲಿ ಜಾಗ ಬೇಕಲ್ಲ, ಅದೀಗ ಖಾಲಿಯಾಗಿತ್ತು. ಪ್ರೋಗ್ರಾಂ ಮೊದಲಿನ ಹಾಗೆ ಓಡುತ್ತದೆ ಅಂತ ನೋಡಿಕೊಂಡೆ. ಲೈಸೆನ್ಸೂ ಬಂತು. ಆಮೇಲೆ ಸೇವೆ ನಿಲ್ಲಿಸಿ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ವಿಂಡೋಸಿನದೇ ನಕಲು ಆಜ್ಞೆಯಾದ ರೋಬೊಕಾಪಿಯಿಂದ ನಕಲು ಮಾಡಿದೆ. ಸ್ಲ್ಯಾಶ್ ಇ ಹಾಕಿದರೆ ಖಾಲಿ ಫೋಲ್ಡರುಗಳೂ ಬರುತ್ತವೆ, ಸ್ಲ್ಯಾಶ್ ಕಾಪಿಆಲ್ ಹಾಕಿದರೆ ಯಾರಿಗೆ ಏನು ಅನುಮತಿ ಅನ್ನುವುದೂ ಜೊತೆಗೆ ಬರುತ್ತದೆ. ಹಳೆಯ ಫೋಲ್ಡರನ್ನು ಅಳಿಸಲಿಲ್ಲ, ಹೆಸರಿಗೊಂದು ಬಾಲ ಸೇರಿಸಿ ಪಕ್ಕಕ್ಕಿಟ್ಟೆ. ಆಮೇಲೆ ಜಂಕ್ಷನ್ ಮಾಡುವ ಆಜ್ಞೆ: ಎಂಕೆಲಿಂಕ್, ಸ್ಲ್ಯಾಶ್ ಜೆ. ಇಲ್ಲಿ ಮೊದಲು ಹೊಸ ಬಾಗಿಲಿನ ಹೆಸರು, ಆಮೇಲೆ ಅದು ತೆರೆದುಕೊಳ್ಳಬೇಕಾದ ನಿಜವಾದ ಜಾಗ. ನಾನು ಉಲ್ಟಾ ಹೊಡೆದೆ. ಆ ಹೆಸರಿನದು ಆಗಲೇ ಇದೆ ಅಂತ ಬೈಸಿಕೊಂಡೆ. ಆಜ್ಞೆ ಹೊಡೆಯುವ ಹೊಸ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಹೊಡೆದರೆ ಅಂಥ ಆಜ್ಞೆಯೇ ಗೊತ್ತಿಲ್ಲ ಅನ್ನುತ್ತದೆ, ಯಾಕೆಂದರೆ ಅದು ಹಳೆಯ ಕಮಾಂಡ್ ಪ್ರಾಂಪ್ಟಿನ ಹೊಟ್ಟೆಯೊಳಗಿನ ಆಜ್ಞೆ. ಎರಡನೇ ಸಲ ಒಂದೇ ಸಾಲಿನ ಉತ್ತರ ಬಂತು. ಜಂಕ್ಷನ್ ಆಯಿತು.

ಐಕಾನ್ ಒತ್ತಿದೆ. ತೆರೆಯಿತು. ಫೈಲಿನ ಮೇಲೆ ಒತ್ತಿದರೆ ತೆರೆಯಿತು. ಪಿಡಿಎಫ್ ಬಂತು. ಲೈಸೆನ್ಸ್ ತಕರಾರಿಲ್ಲ. ವರ್ಚುವಲ್‌ಸ್ಟೋರಿನಲ್ಲಿದ್ದ ಟೆಂಪ್ಲೇಟುಗಳ ಒಂದು ಪ್ರತಿಯನ್ನು ಮಾವನ ಡಾಕ್ಯುಮೆಂಟ್ಸಿನಲ್ಲೂ ಹಾಕಿಟ್ಟೆ. ಎರಡು ದಿನ ಕೆಲಸ ಮಾಡಿ ನೋಡಿದ ಮೇಲೆ ಬಾಲದ ಫೋಲ್ಡರನ್ನು ಅಳಿಸಿದೆ. ಪ್ರೋಗ್ರಾಂ ತೆರೆಯುವುದು ಮಾತ್ರ ಈಗ ನಿಧಾನ. ತಿರುಗುವ ಡಿಸ್ಕು ಎಸ್‌ಎಸ್‌ಡಿ ಆಗುವುದಿಲ್ಲ. ಬೆಳಿಗ್ಗೆ ಐಕಾನ್ ಒತ್ತಿ ದೇವರಿಗೆ ಊದುಬತ್ತಿ ಹಚ್ಚಿ ಬರುವಷ್ಟರಲ್ಲಿ ತೆರೆದಿರುತ್ತದೆ, ಅದೇ ಒಳ್ಳೆದಾಯಿತು ಅಂತ ಮಾವ ಅಂದರು. ಬೇಸರ ಮುಚ್ಚಿಡಲು ಅಂದದ್ದು ಅಂತ ನನ್ನ ಗುಮಾನಿ.

ಇದನ್ನು ಓದಿ ಯಾರಾದರೂ ಇಡೀ ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನೇ ಡಿ ಗೆ ಕಳಿಸಲು ಹೊರಟರೆ, ಬೇಡ. ಮೈಕ್ರೋಸಾಫ್ಟೇ ಅದಕ್ಕೆ ಬೆಂಬಲ ಇಲ್ಲ ಅಂದಿದೆ. ಆಂಟಿವೈರಸ್, ಡ್ರೈವರುಗಳು, ವಿಂಡೋಸ್ ಏಳುವಾಗಲೇ ಏಳಬೇಕಾದ ಯಾವುದನ್ನೂ ಮುಟ್ಟಬೇಡಿ. ಕೆಲವು ಪ್ರೋಗ್ರಾಮುಗಳ ಅಪ್‌ಡೇಟ್ ಹಳೆಯ ಫೋಲ್ಡರನ್ನೇ ಅಳಿಸಿ ಹೊಸದು ಮಾಡುತ್ತದೆ. ಆಗ ನೀವು ಕಷ್ಟಪಟ್ಟು ಮಾಡಿದ ಬಾಗಿಲು ಹೋಗಿ ಎಲ್ಲ ಮತ್ತೆ ಸಿ ಗೇ ಬಂದು ಕೂರುತ್ತದೆ. ಆಟಗಳಿಗಂತೂ ಈ ಸರ್ಕಸ್ಸು ಬೇಕಿಲ್ಲ, ಆಟ ಮಾರುವ ಸ್ಟೀಮ್‌ನಂಥವು ಬೇರೆ ಡ್ರೈವಿಗೆ ಸಾಗಿಸಲು ತಾವೇ ಬಟನ್ ಕೊಟ್ಟಿವೆ. ವಿಂಡೋಸ್ 10ರ ಸೆಟ್ಟಿಂಗಿನಲ್ಲೂ ಮೂವ್ ಅನ್ನುವ ಬಟನ್ ಇದೆ, ಆದರೆ ಅದು ಸ್ಟೋರಿನಿಂದ ಬಂದ ಆ್ಯಪುಗಳಿಗೆ. ಮಾವನ ಪ್ರೋಗ್ರಾಮಿನಂಥ ಹಳೆಯ ತಲೆಗಳಿಗೆ ಆ ಬಟನ್ ಸಿಗುವುದಿಲ್ಲ.

ಹೊರಡುವ ಹಿಂದಿನ ಸಂಜೆ, ಸುಮ್ನೆ ಕುತೂಹಲಕ್ಕೆ, ಸಿ ಯಲ್ಲಿ ಇನ್ನೇನಿದೆ ಅಂತ ನೋಡಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ 22 ಜಿಬಿ. ಗಿರಾಕಿಗಳು ವಾಟ್ಸಾಪಿನಲ್ಲಿ ಕಳಿಸಿದ ಆಧಾರ್ ಕಾರ್ಡಿನ ಫೋಟೊ, ಪಾಸ್‌ಪೋರ್ಟ್ ಅಳತೆಯ ಫೋಟೊ, ಪಹಣಿ, ಫ್ಲೆಕ್ಸಿಗೆ ಕೊಟ್ಟ ಜನಪ್ರತಿನಿಧಿಗಳ ನಗುಮುಖ. ಅದರ ಪಕ್ಕ ಟೆಂಪ್ ಫೋಲ್ಡರಿನಲ್ಲಿ, ಪ್ರೋಗ್ರಾಂ ಕೈಕೊಟ್ಟಾಗಲೆಲ್ಲ ಬಿಟ್ಟುಹೋದ ಅರ್ಧಂಬರ್ಧ ಫೈಲುಗಳು. ಹೈಬರ್ನೇಟ್ ಮಾಡಲು, ಅಂದರೆ ತೆರೆದಿದ್ದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಮಲಗಲು, ವಿಂಡೋಸ್ ಎತ್ತಿಟ್ಟುಕೊಂಡ ಒಂದು ಫೈಲು, 8 ಜಿಬಿ ರ‍್ಯಾಮಿಗೆ ಸುಮಾರು 3 ಜಿಬಿ. ಮಾವ ಆ ಯಂತ್ರವನ್ನು ಒಂದು ದಿನವೂ ಹೈಬರ್ನೇಟ್ ಮಾಡಿದವರಲ್ಲ. ಡೌನ್‌ಲೋಡ್ಸ್ ಫೋಲ್ಡರನ್ನು ಬೇರೆ ಡ್ರೈವಿಗೆ ಕಳಿಸಲು ಯಾವ ಜಂಕ್ಷನ್ನೂ ಬೇಡ. ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಅನ್ನುವ ಟ್ಯಾಬ್ ಇದೆ, ಹೊಸ ಜಾಗ ತೋರಿಸಿದರೆ ವಿಂಡೋಸ್ ತಾನೇ ಸಾಗಿಸಿ ತನ್ನ ವಿಳಾಸವನ್ನೂ ತಿದ್ದಿಕೊಳ್ಳುತ್ತದೆ. ಐದು ನಿಮಿಷದ ಕೆಲಸ. ಪ್ರೋಗ್ರಾಮನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಇದನ್ನು ಮಾವನಿಗೆ ಆಗ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಅವರು ಬ್ಲಾಗ್ ಓದುವುದಿಲ್ಲ.

ಸಂಕ್ರಾಂತಿ ಮುಗಿದು ನಾಲ್ಕು ದಿನಕ್ಕೆ ಅಂಗಡಿಯ ಹುಡುಗ ಫೋನ್ ಮಾಡಿದ. ಪ್ರೋಗ್ರಾಂ ತೆರೆಯುತ್ತಿಲ್ಲ. ಏನಾದರೂ ಅಳಿಸಿದೆಯಾ ಅಂದೆ. ಇಲ್ಲ ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅದೇನಾಯ್ತು ಅಂದ್ರೆ ಸರ್, ಅದೇ ಫೋಲ್ಡರು ಸಿ ನಲ್ಲೂ ಇತ್ತು, ಡಿ ನಲ್ಲೂ ಇತ್ತು. ಎರಡ್ರಲ್ಲೂ ಅವೇ ಫೈಲು. ಸುಮ್ನೆ ಎರಡೆರಡು ಯಾಕೆ ಅಂತ ಡಿ ನಲ್ಲಿದ್ದಿದ್ದು ತೆಗೆದೆ. ಪ್ರೋಗ್ರಾಂ ಸಿ ನಲ್ಲೇ ಅಲ್ವಾ ಸರ್ ಇರೋದು?"

ಅವನ ತರ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸಿ ಯ ಫೋಲ್ಡರಿನ ಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತು ಇರುತ್ತದೆ, ಅಷ್ಟು ಬಿಟ್ಟರೆ ಎರಡೂ ಒಂದೇ ಥರ. ಉಲ್ಟಾ ಮಾಡಿದ್ದರೆ, ಸಿ ಯದ್ದನ್ನು ಅಳಿಸಿದ್ದರೆ, ಬರೀ ಬಾಗಿಲು ಹೋಗುತ್ತಿತ್ತು. ಇನ್ನೊಂದು ಸಾಲು ಹೊಡೆದು ಮತ್ತೆ ಮಾಡಿಕೊಳ್ಳಬಹುದಿತ್ತು. ರಿಸೈಕಲ್ ಬಿನ್ ಖಾಲಿ ಮಾಡಿದೆಯಾ ಅಂತ ಕೇಳಿದೆ. ಉಸಿರು ಬಿಗಿ ಹಿಡಿದೇ ಕೇಳಿದೆ. ಇಲ್ಲ ಅಂದ. ರಿಸ್ಟೋರ್ ಒತ್ತು ಅಂದೆ. 14 ಜಿಬಿ ಗಣಪತಿಗಳು, ತೋರಣಗಳು ಒಂದು ಕ್ಷಣದಲ್ಲಿ ವಾಪಸ್ ಬಂದವು. ಒಂದೇ ಡ್ರೈವಿನೊಳಗಿನ ಪ್ರಯಾಣ ಅಲ್ವಾ, ಪಟ್ಟಿಯಲ್ಲಿ ಸಾಲು ತಿದ್ದಿದರೆ ಆಯಿತು.

"ಇದಕ್ಕೊಂದು ಬೋರ್ಡ್ ಹಾಕಪ್ಪ" ಅಂದೆ ಅವನಿಗೆ. ಡಿ ಯೊಳಗೆ ಒಂದು ನೋಟ್‌ಪ್ಯಾಡ್ ಫೈಲ್ ಮಾಡಿಡು ಅನ್ನುವ ಅರ್ಥದಲ್ಲಿ ಹೇಳಿದ್ದು. ಅವನು ಡಿಟಿಪಿ ಹುಡುಗ. ಸಂಜೆ ವಾಟ್ಸಾಪಿನಲ್ಲಿ ಫೋಟೊ ಬಂತು. ಎ4 ಹಾಳೆಯಲ್ಲಿ, ಮದುವೆ ಕಾಗದದ ಮಾವಿನ ತೋರಣದ ಬಾರ್ಡರಿನೊಳಗೆ, ನುಡಿಯ ದಪ್ಪಕ್ಷರದಲ್ಲಿ ಮುದ್ರಿಸಿ, ಲ್ಯಾಮಿನೇಟ್ ಮಾಡಿ, ಮಾನಿಟರಿನ ಕೆಳಗೆ ಅಂಟಿಸಿದ್ದ: ಡಿ ಯಲ್ಲಿರುವುದೇ ನಿಜವಾದ ಫೋಲ್ಡರ್. ಸಿ ಯಲ್ಲಿರುವುದು ಬಾಗಿಲು ಮಾತ್ರ. ಎರಡನ್ನೂ ಮುಟ್ಟಬಾರದು. ಇಂತಿ, ಮಾಲೀಕರು.

ಜೊತೆಗೆ ಒಂದು ಪ್ರಶ್ನೆಯೂ ಇತ್ತು. ಸರ್, ಸಿ ಡಿ ಎಲ್ಲ ಸರಿ, ಎ ಬಿ ಎಲ್ಲಿ? ಅವೆರಡೂ ಫ್ಲಾಪಿಗಳಿಗೆ ಕಾದಿರಿಸಿದ ಜಾಗ, ಫ್ಲಾಪಿ ಹೋಗಿ ಎಷ್ಟೋ ವರ್ಷ ಆಯಿತು, ಆದರೂ ವಿಂಡೋಸ್ ಇವತ್ತಿಗೂ ಸಿ ಯಿಂದಲೇ ಶುರು ಮಾಡುತ್ತದೆ ಅಂತ ಬರೆದು ಕಳಿಸಿದೆ. ಅವನು ಒಂದು ನಗುವ ಮುಖ ಹಾಕಿ, "ಫ್ಲಾಪಿ ಅಂದ್ರೆ?" ಅಂದ.